ಹದಿನಾರಕ್ಕೆ ಬ್ಯಾಲೆ: ತಡವಾಗಿ ಶುರು ಮಾಡಿದವನ ಅನುಭವ

ಬ್ಯಾಲೆ, ಅಂದರೆ ಯುರೋಪಿನ ಶಾಸ್ತ್ರೀಯ ನೃತ್ಯ, ಕಲಿಯುತ್ತೇನೆ ಎಂದಾಗ ಅಮ್ಮ ತಕ್ಷಣ ಒಪ್ಪಿಬಿಟ್ಟರು. ನಮ್ಮಲ್ಲಿ ನೃತ್ಯರೂಪಕವನ್ನೂ ಬ್ಯಾಲೆ ಎನ್ನುವ ರೂಢಿಯಿದೆಯಲ್ಲ, ಅಂಥದ್ದೇ ಏನೋ ಎಂದುಕೊಂಡಿದ್ದರು. ತಿಂಗಳ ಮೇಲೆ ಒಗೆಯುವ ಬಟ್ಟೆಯ ರಾಶಿಯಲ್ಲಿ ನನ್ನ ಕಪ್ಪು ಟೈಟ್ಸ್ ಸಿಕ್ಕ ದಿನ ವಿಷಯ ಬಯಲಾಯಿತು. ಅಮ್ಮ ಅದನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು, "ಇದು ಯಾರದು?" ಎಂದರು.

ನಾನು ಪುತ್ತೂರಿನ ಕಡೆಯವನು. ಹತ್ತನೇ ತರಗತಿಯವರೆಗೆ ಊರಿನಲ್ಲಿ ಯಕ್ಷಗಾನ ಕಲಿತೆ. ಕೋಡಂಗಿ, ಬಾಲಗೋಪಾಲ ಎಂಬ ಆರಂಭದ ವೇಷಗಳೆಲ್ಲ ಆಗಿ, ಅಭಿಮನ್ಯುವಿನಂಥ ಯುವವೀರರ ಪುಂಡುವೇಷಕ್ಕೆ ಬಂದಿದ್ದೆ. ಧೀಂಗಿಣ, ಅಂದರೆ ಸುತ್ತು ಹಾಕುತ್ತಾ ಹಾರುವುದೆಂದರೆ ಊಟ ಬಿಡುವಷ್ಟು ಹುಚ್ಚು. ಪಿಯುಸಿಗೆ ಬೆಂಗಳೂರಿಗೆ ಬಂದ ಮೇಲೆ ಕಾಲು ಸುಮ್ಮನಿರಲಿಲ್ಲ. ಮೊಬೈಲ್‌ನಲ್ಲಿ ಒಬ್ಬ ನರ್ತಕ ನಿಂತಲ್ಲಿಂದ ನೇರ ಮೇಲಕ್ಕೆ ಹಾರಿ, ಗಾಳಿಯಲ್ಲೇ ಎರಡು ಸುತ್ತು ತಿರುಗಿ, ಹಾರಿದ ಜಾಗಕ್ಕೇ ಇಳಿದದ್ದನ್ನು ನೋಡಿದೆ. ಇದು ನನಗೆ ಬರುತ್ತದೆ ಎಂಬ ಅಹಂಕಾರದಲ್ಲೇ ತರಗತಿಗೆ ಸೇರಿದೆ.

ಮೊದಲ ದಿನ ಹಾರುವುದಿರಲಿ, ನಿಲ್ಲುವುದೇ ಬರಲಿಲ್ಲ. ಹೊಸಬರ ತರಗತಿ ಎಂದರೆ ಎಂಟರಿಂದ ಹನ್ನೆರಡು ವರ್ಷದ ಹುಡುಗಿಯರು, ನಡುವೆ ಮೀಸೆ ಚಿಗುರಿದ ನಾನೊಬ್ಬ. ಗೋಡೆಯ ಪಕ್ಕದ ಕಂಬಿಯನ್ನು ಬಾರ್ ಎನ್ನುತ್ತಾರೆ. ಅದನ್ನು ಹಿಡಿದು ಮುಕ್ಕಾಲು ಗಂಟೆ ಮಂಡಿ ಬಗ್ಗಿಸುವುದು, ಒಂದು ಕಾಲಿನ ಮೇಲೆ ನಿಂತು ಇನ್ನೊಂದು ಪಾದವನ್ನು ನೆಲ ಒರೆಸಿದ ಹಾಗೆ ಚಾಚಿ ಎಳೆದುಕೊಳ್ಳುವುದು. ಹೆಸರುಗಳೆಲ್ಲ ಫ್ರೆಂಚ್. ಹೆದರಬೇಡಿ, ಅವು ಮಾಡುವ ಕೆಲಸವನ್ನೇ ಹೇಳುತ್ತವೆ: ಪ್ಲಿಯೇ ಎಂದರೆ ಬಗ್ಗಿದ್ದು, ತಾಂದ್ಯು ಎಂದರೆ ಚಾಚಿದ್ದು. ಎರಡು ವಾರದಲ್ಲಿ ಬಾಯಿಗೆ ಹತ್ತುತ್ತವೆ. ಕಾಲಿಗೆ ಹತ್ತಲು ವರ್ಷಗಳು ಬೇಕು.

ಮೂರನೆಯ ವಾರವೋ ಏನೋ, ನನ್ನ ಹಿಂದೆ ನಿಂತಿದ್ದ ಎಂಟು ವರ್ಷದ ಹುಡುಗಿ ಮೆಲ್ಲಗೆ ಹೇಳಿದಳು: "ಅಣ್ಣಾ, ನಿಮ್ಮ ಮಂಡಿ ಒಳಗೆ ಬೀಳುತ್ತಿದೆ."

ನಾನು ನಕ್ಕು ಸುಮ್ಮನಾದೆ. ಆ ನಗುವಿಗೆ ನಾಲ್ಕು ತಿಂಗಳು ದಂಡ ಕಟ್ಟಿದ್ದೇನೆ, ಆದ್ದರಿಂದ ಈ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬ್ಯಾಲೆಯಲ್ಲಿ ಎರಡು ಪಾದಗಳೂ ಹೊರಕ್ಕೆ ತಿರುಗಿರುತ್ತವೆ. ಆ ತಿರುವು ಸೊಂಟದ ಕೀಲಿನಿಂದ ಬರಬೇಕು. ತೊಡೆಯೇ ಹೊರಳಬೇಕು, ಪಾದ ಅದನ್ನು ಹಿಂಬಾಲಿಸಬೇಕು. ತಡವಾಗಿ ಬಂದ ಹುಡುಗರಿಗೆ ಸೊಂಟ ಬಿಗಿ, ಕನ್ನಡಿಯಲ್ಲಿ ಮಾತ್ರ ಎಲ್ಲರ ಹಾಗೆ ಕಾಣುವ ಆತುರ. ಆಗ ಪಾದವನ್ನು ನೆಲಕ್ಕೆ ಒತ್ತಿ ಬಲವಂತವಾಗಿ ತಿರುಗಿಸುತ್ತೇವೆ. ಪಾದ ಹೊರಗೆ, ತೊಡೆ ಒಳಗೆ. ನಡುವೆ ಮಂಡಿಯನ್ನು ಒದ್ದೆ ಬಟ್ಟೆಯಂತೆ ಹಿಂಡಿದ ಹಾಗಾಗುತ್ತದೆ. ಪರೀಕ್ಷೆ ಸುಲಭ. ಹಿಮ್ಮಡಿ ಕೂಡಿಸಿ ನಿಂತು ಮಂಡಿ ಬಗ್ಗಿಸಿ, ಕೆಳಗೆ ನೋಡಿ. ಮಂಡಿ ಕಾಲ್ಬೆರಳುಗಳ ನೇರಕ್ಕೆ ಹೋಗದೆ ಒಳಕ್ಕೆ ಜಾರಿದರೆ ನೀವು ಮೋಸ ಮಾಡುತ್ತಿದ್ದೀರಿ ಎಂದರ್ಥ. ನೇರ ಬರುವವರೆಗೆ ಪಾದಗಳ ಕೋನವನ್ನು ಕಿರಿದು ಮಾಡಿಕೊಳ್ಳಿ. ನೋಡಲು ಚೆನ್ನಾಗಿರುವುದಿಲ್ಲ. ಇರಲಿ.

ನನಗೆ ಇನ್ನೊಂದು ತೊಂದರೆಯೂ ಸೇರಿಕೊಂಡಿತ್ತು. ಆ ವರ್ಷ ಸರಸರನೆ ಉದ್ದವಾಗಿದ್ದೆ. ಮಂಡಿಚಿಪ್ಪಿನ ಕೆಳಗೆ ಮೂಳೆ ಉಬ್ಬಿರುವ ಜಾಗದಲ್ಲಿ ನೋವು, ಮುಟ್ಟಿದರೆ ಜೀವ ಹೋಗುತ್ತಿತ್ತು. ಬೆಳೆಯುವ ವಯಸ್ಸಿನಲ್ಲಿ ಓಡುವ, ಹಾರುವ ಹುಡುಗರಿಗೆ ಇದು ಬರುವುದುಂಟು. ನಾನು ಯಾರಿಗೂ ಹೇಳದೆ ನೋವಿನ ಸ್ಪ್ರೇ ಹೊಡೆದುಕೊಂಡು ಹಾರುತ್ತಲೇ ಇದ್ದೆ. ಕೊನೆಗೆ ಬಸ್ಸಿನ ಮೆಟ್ಟಿಲು ಹತ್ತುವುದೂ ಕಷ್ಟವಾಗಿ ಫಿಸಿಯೋಥೆರಪಿಸ್ಟ್ ಹತ್ತಿರ ಹೋದಾಗ ಹಾರುವುದಕ್ಕೆ ಪೂರ್ತಿ ರಜೆ ಬಿತ್ತು. ಆ ನಾಲ್ಕು ತಿಂಗಳು ಬಾರ್ ಹಿಡಿದು, ಆ ಎಂಟು ವರ್ಷದವಳ ಮುಂದೆಯೇ ನಿಂತು, ಮೊದಲಿನಿಂದ ಕಲಿತೆ. ನನಗೇನಾದರೂ ಬ್ಯಾಲೆ ಬಂದಿದ್ದರೆ ಆಗಲೇ ಬಂದದ್ದು.

ಧೀಂಗಿಣದಿಂದ ನನಗೆ ಕಸುವು ಬಂದಿತ್ತು, ಆದರೆ ಕಿವಿಯನ್ನು ಬದಲಿಸಿಕೊಳ್ಳಬೇಕಾಯಿತು. ರಂಗಸ್ಥಳದಲ್ಲಿ ಚೆಂಡೆಯ ಪೆಟ್ಟಿಗೆ ಸರಿಯಾಗಿ ಹೆಜ್ಜೆ ಕೇಳಬೇಕು, ಗೆಜ್ಜೆ ಮಾತಾಡಬೇಕು. ಇಲ್ಲಿ ಹಾರಿ ಇಳಿದದ್ದು ಯಾರಿಗೂ ಕೇಳಬಾರದು. ನಮ್ಮ ಶಿಕ್ಷಕರು ಹುಡುಗರ ಸರದಿ ಬಂದಾಗ ನಮಗೆ ಬೆನ್ನು ಹಾಕಿ ನಿಲ್ಲುತ್ತಿದ್ದರು. ನೋಡುತ್ತಿರಲಿಲ್ಲ, ಕೇಳಿಸಿಕೊಳ್ಳುತ್ತಿದ್ದರು. ಮೊದಲು ಬೆರಳ ತುದಿ, ಆಮೇಲೆ ಪಾದದ ಮುಂಭಾಗ, ಕೊನೆಗೆ ಹಿಮ್ಮಡಿ, ಅದರ ಜೊತೆಗೇ ಮಂಡಿ ಬಗ್ಗಬೇಕು. ನಾನು ಇಳಿದಾಗ ಮರದ ನೆಲ ಧಡ್ ಎನ್ನುತ್ತಿತ್ತು. "ತೆಂಗಿನಕಾಯಿ ಬಿತ್ತು" ಎನ್ನುತ್ತಿದ್ದರು, ತಿರುಗಿ ನೋಡದೆ. ಮುಕ್ಕಾಲು ಗಂಟೆ ಬಗ್ಗಿಸಿದ ಆ ಪ್ಲಿಯೇ ಯಾಕೆ ಬೇಕು ಎಂದು ಆಗ ಅರ್ಥವಾಯಿತು. ಹಾರುವುದೂ ಅದರಿಂದಲೇ, ಇಳಿಯುವುದೂ ಅದರಿಂದಲೇ.

ಯಾರೂ ಹುಡುಗರಿಗೆ ಬಾಯಿಬಿಟ್ಟು ಹೇಳದ ಒಂದು ಮಾತು: ಟೈಟ್ಸ್ ಒಳಗೆ ಮಾಮೂಲಿ ಚಡ್ಡಿ ನಡೆಯುವುದಿಲ್ಲ. ಡಾನ್ಸ್ ಬೆಲ್ಟ್ ಎಂದೇ ಒಂದು ಒಳಉಡುಪಿದೆ. ಕ್ರಿಕೆಟ್ ಆಡುವವರ ಸಪೋರ್ಟರ್‌ನ ದಾಯಾದಿ ಎನ್ನಿ, ಆದರೆ ಇದಕ್ಕೆ ಮುಂದುಗಡೆ ಹೆಚ್ಚು ಬಿಗಿ, ಹಿಂದುಗಡೆ ತೆಳ್ಳನೆ ಪಟ್ಟಿ. ಮೊದಲ ದಿನಗಳಲ್ಲಿ ಹಿಂಸೆ, ಆಮೇಲೆ ಮರೆತುಹೋಗುತ್ತದೆ. ಶುರುವಿನ ತಿಂಗಳುಗಳಿಗೆ ಟೈಟ್ಸೂ ಬೇಕಿಲ್ಲ. ಮಂಡಿ ಕಾಣುವಂಥ ಚಡ್ಡಿ, ಮೈಗೆ ಅಂಟುವ ಬನಿಯನ್ ಸಾಕೇ ಎಂದು ಶಿಕ್ಷಕರನ್ನು ಕೇಳಿ. ಶೂ ಕ್ಯಾನ್ವಾಸಿನದು ಸಾಕು. "ಬೆಳೆಯುವ ಕಾಲು" ಎಂದು ಮನೆಯವರು ಒಂದು ಸೈಜು ದೊಡ್ಡದು ಕೊಡಿಸಲು ಬಂದರೆ ಒಪ್ಪಬೇಡಿ, ಅದು ಕಾಲುಚೀಲದ ಹಾಗೆ ಕೂರಬೇಕು. ಎಲಾಸ್ಟಿಕ್ ಅನ್ನು ನೀವೇ ಹೊಲಿದುಕೊಳ್ಳಿ. ಹುಡುಗಿಯರ ಹಾಗೆ ಬೆರಳ ತುದಿಯ ಮೇಲೆ ನಿಲ್ಲುವ ಗಟ್ಟಿ ಶೂ ಸಾಮಾನ್ಯವಾಗಿ ಹುಡುಗರಿಗೆ ಇರುವುದಿಲ್ಲ.

ಜೋಡಿ ನೃತ್ಯದಲ್ಲಿ ಹುಡುಗಿಯನ್ನು ಎತ್ತಲು ತೋಳು ಬೆಳೆಸಬೇಕೆಂದು ಜಿಮ್ಮಿಗೆ ಓಡಬೇಡಿ. ಎತ್ತುವುದು ಕಾಲಿನಿಂದ, ಅವಳು ಹಾರುವ ಕ್ಷಣವನ್ನು ಹಿಡಿಯುವುದರಿಂದ. ಆ ಪಾಠ ಬರುವವರೆಗೆ ಮನೆಯಲ್ಲಿ ದಂಡ ಹೊಡೆಯಿರಿ.

ತಡವಾಯಿತೇ ಎನ್ನುವುದು ಎಲ್ಲ ಹುಡುಗರ ಪ್ರಶ್ನೆ. ರಷ್ಯಾದ ಹೆಸರಾಂತ ಬ್ಯಾಲೆ ನರ್ತಕ ರುಡಾಲ್ಫ್ ನುರಿಯೆವ್ 1955ರಲ್ಲಿ ಲೆನಿನ್‌ಗ್ರಾಡಿನ ದೊಡ್ಡ ಬ್ಯಾಲೆ ಶಾಲೆಗೆ ಸೇರಿದಾಗ ಅವನಿಗೆ 17. ದೆಹಲಿಯ ಇ-ರಿಕ್ಷಾ ಚಾಲಕರ ಮಗ ಕಮಲ್ ಸಿಂಗ್ ಬ್ಯಾಲೆ ಶುರು ಮಾಡಿದ್ದೂ 17ರಲ್ಲಿ, 2020ರಲ್ಲಿ ಲಂಡನ್ನಿನ ಇಂಗ್ಲಿಷ್ ನ್ಯಾಷನಲ್ ಬ್ಯಾಲೆ ಶಾಲೆಗೆ ಹೋದರು. ಈ ಹೆಸರುಗಳನ್ನು ಗೋಡೆಗೆ ಅಂಟಿಸಿಕೊಳ್ಳಿ, ಆದರೆ ಲೆಕ್ಕಕ್ಕೆ ಹಿಡಿಯಬೇಡಿ. ನುರಿಯೆವ್ ಅದಕ್ಕೂ ಮೊದಲು ತನ್ನ ಊರಿನಲ್ಲಿ ವರ್ಷಗಟ್ಟಲೆ ಕುಣಿದಿದ್ದವನು. ನಾನು ಲಂಡನ್ನಿಗೆ ಹೋಗಲಿಲ್ಲ. ಹಗಲು ಬೇರೆ ಕೆಲಸ, ವಾರಾಂತ್ಯದಲ್ಲಿ ಹೊಸ ಹುಡುಗರಿಗೆ ಬಾರ್ ಹಿಡಿಯಲು ಕಲಿಸುತ್ತೇನೆ. ನನಗಿದು ಕಡಿಮೆ ಅನಿಸಿಲ್ಲ.

ಗೇಲಿ ಮಾಡುವವರ ವಿಷಯ. ಕಾಲೇಜಿನಲ್ಲಿ ಎರಡು ತಿಂಗಳು ನಡೆಯಿತು, ಆಮೇಲೆ ಅವರಿಗೇ ಬೇಸರವಾಯಿತು. ಕಷ್ಟವಾದದ್ದು ಸೋದರಮಾವನ ಜೊತೆ. "ಗಂಡುಹುಡುಗ ಹೀಗೆಲ್ಲ ಕುಣಿಯುವುದುಂಟೇ ಮಾಣಿ?" ಎಂದರು. 1653ರಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿ ತನ್ನ 14ನೇ ವಯಸ್ಸಿನಲ್ಲಿ ಸೂರ್ಯನ ವೇಷ ಹಾಕಿ ಬ್ಯಾಲೆ ಕುಣಿದದ್ದನ್ನು ಹೇಳಿದೆ. 1681ರವರೆಗೆ ಪ್ಯಾರಿಸ್ ಒಪೆರಾದಲ್ಲಿ ವೃತ್ತಿ ನರ್ತಕಿಯರೇ ಇರಲಿಲ್ಲ, ಹೆಣ್ಣಿನ ವೇಷವನ್ನೂ ಗಂಡಸರೇ ಮಾಡುತ್ತಿದ್ದರು ಎಂದೆ. ಮಾವನಿಗೆ ಲೂಯಿಯ ಹಂಗಿಲ್ಲ. ಕೊನೆಗೆ, "ಮಾವಾ, ಮೊನ್ನೆ ಬೆಳಗಿನ ಜಾವದವರೆಗೆ ಕೂತು ನೀವು ನೋಡಿದ ಯಕ್ಷಗಾನದಲ್ಲಿ ದ್ರೌಪದಿಯ ವೇಷ ಹಾಕಿದ್ದು ಗಂಡಸೋ ಹೆಂಗಸೋ?" ಎಂದು ಕೇಳಿದೆ. ಒಂದು ಗಳಿಗೆ ಸುಮ್ಮನಿದ್ದು, "ಅದು ಬೇರೆ" ಎಂದರು.

ಮೂರು ವರ್ಷದ ಮೇಲೆ ಗಾಳಿಯಲ್ಲಿ ಎರಡು ಸುತ್ತು ಹಾಕಿ ಸದ್ದಿಲ್ಲದೆ ಇಳಿದ ವಿಡಿಯೊ ಒಂದನ್ನು ಅವರಿಗೆ ಕಳುಹಿಸಿದೆ. ರಾತ್ರಿ ಫೋನ್ ಬಂತು.

"ಎಷ್ಟು ಸುತ್ತು ಅದು?"

"ಎರಡು, ಮಾವ."

"ಎರಡೇ? ಮೊನ್ನೆ ಮೇಳದ ಅಭಿಮನ್ಯು ನೂರಕ್ಕೂ ಮಿಕ್ಕಿ ಹಾಕಿದ."