ಕರಾವಳಿಯ ಮಳೆಗಾಲದಲ್ಲಿ ಗೇಮಿಂಗ್ ಕನ್ಸೋಲನ್ನು ಕಾಪಾಡಿಕೊಳ್ಳುವ ಬಗೆ

ಜೂನ್ ತಿಂಗಳ ಎರಡನೆಯ ವಾರದ ಹೊತ್ತಿಗೆ ಅಡುಗೆಮನೆಯ ಭರಣಿಯಲ್ಲಿ ಉಪ್ಪು ಒಂದಕ್ಕೊಂದು ಅಂಟಿಕೊಳ್ಳತೊಡಗುತ್ತದೆ. ಜುಲೈ ನಡುವಿನಲ್ಲಿ ತೊಡಗುವ ಆಟಿ ತಿಂಗಳು ಬರುವಷ್ಟರಲ್ಲಿ ಭರಣಿಯ ತಳದಲ್ಲಿ ನೀರೇ ನಿಂತಿರುತ್ತದೆ. ಮಂಗಳೂರು, ಉಡುಪಿಯ ಕಡೆ ಇದನ್ನು ಕಾಣದ ಮನೆಯಿಲ್ಲ. ಆದರೆ ಅದೇ ಮನೆಯ ಚಾವಡಿಯಲ್ಲಿ, ಟಿವಿಯ ಕೆಳಗೆ ಇಟ್ಟಿರುವ ಐವತ್ತು ಸಾವಿರ ರೂಪಾಯಿಯ ಕನ್ಸೋಲಿನ, ಅಂದರೆ ವಿಡಿಯೊ ಗೇಮ್ ಆಡುವ ಯಂತ್ರದ, ಒಳಗೂ ಇದೇ ನಡೆಯುತ್ತಿದೆ ಎಂಬುದು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ.

ಗಾಳಿ ಆ ಉಷ್ಣತೆಯಲ್ಲಿ ಹಿಡಿದಿಡಬಲ್ಲ ತೇವದಲ್ಲಿ ಎಷ್ಟು ಪಾಲು ಅದರಲ್ಲಿದೆ ಎಂಬ ಅಳತೆಯೇ ಸಾಪೇಕ್ಷ ಆರ್ದ್ರತೆ. ಅಡುಗೆ ಉಪ್ಪು ಅದು ಸುಮಾರು ಶೇ 75 ದಾಟಿದ ಕೂಡಲೇ ಗಾಳಿಯಿಂದ ನೀರನ್ನು ಎಳೆದುಕೊಂಡು ಕರಗತೊಡಗುತ್ತದೆ. ಕಡಲ ಕಡೆಯಿಂದ ಬೀಸುವ ಗಾಳಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಉಪ್ಪಿನ ಕಣಗಳಿರುತ್ತವೆ. ಕನ್ಸೋಲಿನ ಫ್ಯಾನ್ ಧೂಳಿನ ಜೊತೆ ಅವುಗಳನ್ನೂ ಒಳಗೆಳೆದು ಸರ್ಕ್ಯೂಟ್ ಬೋರ್ಡಿನ ಮೇಲೆ ಕೂರಿಸುತ್ತದೆ. ಡಿಸೆಂಬರಿನಿಂದ ಮಾರ್ಚ್ ತನಕ ಅವು ಹೆಚ್ಚು ತೊಂದರೆ ಕೊಡುವುದಿಲ್ಲ. ಮಳೆಗಾಲದಲ್ಲಿ ಆರ್ದ್ರತೆ ಏರಿದಾಗ ಅದೇ ಕಣಗಳು ಉಪ್ಪುನೀರಿನ ತೆಳುವಾದ ಪದರವಾಗುತ್ತವೆ, ಆ ಪದರದ ಮೂಲಕ ವಿದ್ಯುತ್ತು ಹರಿಯಬಾರದ ಕಡೆಗೆ ಹರಿಯುತ್ತದೆ, ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಮ್ಮ ಕರಾವಳಿಯಲ್ಲಿ ಕನ್ಸೋಲುಗಳನ್ನು ಕೆಡಿಸುವುದು ಅತಿಯಾದ ಆಟವಲ್ಲ, ಈ ಉಪ್ಪುತೇವ ಮತ್ತು ಅಸ್ಥಿರವಾದ ಕರೆಂಟು. ನಿಂಟೆಂಡೊ ಸ್ವಿಚ್ ಎಂಬ ಕನ್ಸೋಲಿನ ತಯಾರಕರು ಅದನ್ನು ಬಳಸಬೇಕಾದ ಆರ್ದ್ರತೆಯ ಮಿತಿ ಶೇ 20ರಿಂದ 80 ಎಂದು ಹೇಳಿದ್ದಾರೆ; ಜುಲೈ ತಿಂಗಳಲ್ಲಿ ನಮ್ಮ ಮನೆಗಳ ಒಳಗಿನ ಗಾಳಿ ಆ ಮಿತಿಯನ್ನು ದಾಟಿಯೇ ಇರುತ್ತದೆ.

ವಿಡಿಯೊ ಗೇಮ್ ಮಕ್ಕಳು ಹಾಳು ಹೊತ್ತು ಕಳೆಯುವ ವಸ್ತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಒಳ್ಳೆಯ ಸಿನಿಮಾವೊಂದನ್ನು ಮನಸ್ಸಿಟ್ಟು ನೋಡುವವನಿಗೆ ದೊರಕುವುದೆಲ್ಲವೂ ಒಳ್ಳೆಯ ಆಟದಲ್ಲಿಯೂ ದೊರಕುತ್ತದೆ, ಅದರ ಮೇಲೆ ಕಥೆಯನ್ನು ತನ್ನ ಕೈಯಿಂದಲೇ ನಡೆಸಿದ ತೃಪ್ತಿಯೂ ಇರುತ್ತದೆ. ಹೀಗಿರುವಾಗ ಅದನ್ನು ನಡೆಸುವ ಯಂತ್ರವನ್ನು ಮನೆಯ ಹಾರ್ಮೋನಿಯಮ್ಮಿನಂತೆ, ಚೆಂಡೆಯಂತೆ ಜೋಪಾನ ಮಾಡುವುದರಲ್ಲಿ ಅತಿಯೇನೂ ಇಲ್ಲ.

ಮೊದಲು ಮಾಡಬೇಕಾದ ಕೆಲಸ ಅಳತೆ. ಕೆಲವು ನೂರು ರೂಪಾಯಿಗಳಿಗೆ ಸಿಗುವ ಡಿಜಿಟಲ್ ಆರ್ದ್ರತಾಮಾಪಕವೊಂದನ್ನು ತಂದು ಕನ್ಸೋಲಿನ ಪಕ್ಕದಲ್ಲಿಡಿ. ಅಗ್ಗದ ಮಾಪಕಗಳು ತಪ್ಪು ತೋರಿಸುವುದುಂಟು. ಅದನ್ನು ಪರೀಕ್ಷಿಸಲು ಮತ್ತೆ ಉಪ್ಪೇ ಸಾಕು. ಬಾಟಲಿಯ ಮುಚ್ಚಳದಲ್ಲಿ ಉಪ್ಪು ಹಾಕಿ, ಅದು ಪೂರ್ತಿ ಕರಗದೆ ಒದ್ದೆ ಮರಳಿನಂತೆ ಆಗುವಷ್ಟು ಮಾತ್ರ ನೀರು ಸೇರಿಸಿ, ಆ ಮುಚ್ಚಳವನ್ನೂ ಮಾಪಕವನ್ನೂ ಗಾಳಿಯಾಡದ ಡಬ್ಬಿಯೊಂದರಲ್ಲಿ ಒಂದು ಇಡೀ ರಾತ್ರಿ ಮುಚ್ಚಿಡಿ. ಬೆಳಿಗ್ಗೆ ಮಾಪಕ 75ರ ಹತ್ತಿರ ತೋರಿಸಬೇಕು. 69 ತೋರಿಸಿದರೆ ನಿಮ್ಮ ಮಾಪಕ 6 ಅಂಕ ಕಡಿಮೆ ಹೇಳುತ್ತದೆ ಎಂದು ಗುರುತು ಮಾಡಿಟ್ಟುಕೊಳ್ಳಿ.

ಎರಡನೆಯದು ಬಿಸಿ. ಚರ್ಮವಾದ್ಯಕ್ಕೆ ಬಿಸಿ ತೋರಿಸುವ ಕ್ರಮ ನಮಗೆ ಹೊಸತಲ್ಲ, ಇಲ್ಲಿಯೂ ಉಪಾಯ ಅದೇ. ಕೋಣೆಯ ಉಷ್ಣತೆ 27 ಡಿಗ್ರಿ, ಆರ್ದ್ರತೆ ಶೇ 90 ಇದೆ ಎಂದಿಟ್ಟುಕೊಳ್ಳಿ. ಆ ಗಾಳಿ ಕನ್ಸೋಲಿನ ಒಳಗೆ ಹೋಗಿ 33 ಡಿಗ್ರಿಗೆ ಬಿಸಿಯಾದರೆ ಅದರ ಸಾಪೇಕ್ಷ ಆರ್ದ್ರತೆ ಶೇ 64ರ ಆಸುಪಾಸಿಗೆ ಇಳಿಯುತ್ತದೆ, ಅಂದರೆ ಉಪ್ಪು ಕರಗುವ ಗೆರೆಯಿಂದ ಕೆಳಕ್ಕೆ ಬರುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಕನ್ಸೋಲನ್ನು ದಿನಕ್ಕೆ ಒಂದು ಗಂಟೆಯಾದರೂ ನಡೆಸಿರಿ. ಪರೀಕ್ಷೆ ಹತ್ತಿರ ಬಂತೆಂದು ಮಕ್ಕಳಿಗೆ ಆಟ ಬೇಡವೆಂದಿದ್ದರೆ ಅದರಲ್ಲಿ ಸಿನಿಮಾವನ್ನಾದರೂ ನೋಡಿ. ತಿಂಗಳುಗಟ್ಟಲೆ ಮುಟ್ಟದೆ ಇಟ್ಟ ಯಂತ್ರವೇ ಇಲ್ಲಿ ಬೇಗ ಕೆಡುತ್ತದೆ. ರೆಸ್ಟ್ ಮೋಡ್‌ನಲ್ಲಿ, ಅಂದರೆ ಪೂರ್ತಿ ಆರಿಸದೆ ಅರೆನಿದ್ದೆಯಲ್ಲಿ, ಬಿಡುವುದರಿಂದ ಈ ಕೆಲಸ ಆಗುವುದಿಲ್ಲ. ಅದರಿಂದ ಹುಟ್ಟುವ ಶಾಖ ತೀರ ಕಡಿಮೆ, ಯಂತ್ರ ಮಾತ್ರ ಹಗಲು ರಾತ್ರಿ ಲೈನಿಗೆ ಸಿಕ್ಕಿಕೊಂಡೇ ಇರುತ್ತದೆ.

ಇಡುವ ಜಾಗದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಪಡುವಣ ದಿಕ್ಕಿನ ಗೋಡೆ ಮಳೆಗೆ ನೆನೆದು ಒಳಗೂ ತಣ್ಣಗಾಗಿರುತ್ತದೆ. ಅದಕ್ಕೆ ಒರಗಿಸದೆ ಎಲ್ಲ ಕಡೆ ಒಂದು ಗೇಣು ಜಾಗ ಬಿಡಿ. ಪ್ಲಾಸ್ಟಿಕ್ ಹೊದಿಕೆ ತೇವವನ್ನು ಒಳಗೇ ಹಿಡಿದಿಡುವುದರಿಂದ, ಆರಿಸಿಟ್ಟಾಗ ತೆಳುವಾದ ಹತ್ತಿಯ ಬಟ್ಟೆ ಹೊದಿಸಿದರೆ ಸಾಕು. ಇರುವೆ, ಹಲ್ಲಿ ಬರುತ್ತವೆಂದು ನುಸಿಗುಳಿಗೆ ಇಡುವವರಿದ್ದಾರೆ. ಅದರ ಆವಿಗೆ ಕೆಲವು ಬಗೆಯ ಪ್ಲಾಸ್ಟಿಕ್ಕುಗಳು ಮೆತ್ತಗಾಗುತ್ತವೆ, ಇಡಬೇಡಿ.

ಎಸಿ ಇರುವ ಕೋಣೆಯಲ್ಲಿ ಬೇರೊಂದು ಅಪಾಯವಿದೆ. ಮಳೆಗಾಲದಲ್ಲಿ ನಮ್ಮ ಹೊರಗಿನ ಗಾಳಿ 24-25 ಡಿಗ್ರಿಗೆ ತಣಿದರೆ ಸಾಕು, ಅದರಲ್ಲಿರುವ ತೇವ ಇಬ್ಬನಿಯಾಗುತ್ತದೆ. ರಾತ್ರಿಯಿಡೀ 22 ಡಿಗ್ರಿಯಲ್ಲಿದ್ದ ಕೋಣೆಯ ಕಿಟಕಿಗಳನ್ನು ಬೆಳಿಗ್ಗೆ ತೆರೆದರೆ ಕನ್ನಡಿಯ ಮೇಲೆ ಮಂಜು ಕೂರುವಂತೆ ಕನ್ಸೋಲಿನ ಲೋಹದ ಭಾಗಗಳ ಮೇಲೂ ನೀರು ಕೂರುತ್ತದೆ. ಎಸಿಯನ್ನು 26ಕ್ಕಿಂತ ಕೆಳಗೆ ಇಳಿಸದಿರುವುದು ಇದಕ್ಕೆ ಸುಲಭದ ಪರಿಹಾರ. ಬೆಂಗಳೂರಿನಿಂದ ರಾತ್ರಿಯ ಎಸಿ ಬಸ್ಸಿನಲ್ಲಿ ಲ್ಯಾಪ್‌ಟಾಪನ್ನೋ ಕನ್ಸೋಲನ್ನೋ ತಂದವರು ಮನೆಗೆ ಬಂದ ಕೂಡಲೇ ಚೀಲದಿಂದ ತೆಗೆಯದೆ, ಒಂದೆರಡು ಗಂಟೆ ಮುಚ್ಚಿದ ಚೀಲದಲ್ಲಿಯೇ ಬಿಟ್ಟು, ಅದು ಕೋಣೆಯ ಉಷ್ಣತೆಗೆ ಬಂದ ಮೇಲೆ ಪ್ಲಗ್ಗಿಗೆ ಹಾಕಬೇಕು.

ಇನ್ನು ಕರೆಂಟಿನ ವಿಷಯ. ಇದನ್ನು ನಾನು ಕಣ್ಣಾರೆ ಕಂಡು ಕಲಿತೆ. ಒಂದು ಜುಲೈ ರಾತ್ರಿ ಗಾಳಿಗೆ ತೆಂಗಿನ ಮಡಲೊಂದು ಬೀದಿಯ ತಂತಿಗಳ ಮೇಲೆ ಬಿತ್ತು. ಕರೆಂಟು ಹೋಗಲಿಲ್ಲ, ಬದಲಿಗೆ ದೀಪಗಳು ಎಂದೂ ಇಲ್ಲದಷ್ಟು ಬೆಳ್ಳಗೆ ಉರಿದವು, ಫ್ಯಾನ್ ಕೂಗುತ್ತ ತಿರುಗಿತು, ರೂಟರಿನ ಅಡಾಪ್ಟರಿನಿಂದ ಸುಟ್ಟ ವಾಸನೆ ಬಂತು. ನಾನು ಮೇನ್ ಸ್ವಿಚ್ ಇಳಿಸುವಷ್ಟರಲ್ಲಿ ರೂಟರೂ ಒಂದು ಟಿವಿಯೂ ಸತ್ತಿದ್ದವು. ನ್ಯೂಟ್ರಲ್ ತಂತಿ (ಕರೆಂಟು ಹಿಂದಿರುಗುವ ತಂತಿ) ಕಡಿದುಹೋದಾಗ ಹೀಗಾಗುತ್ತದೆ: 230 ವೋಲ್ಟ್ ಬರಬೇಕಾದ ಮನೆಗೆ 400ರ ಹತ್ತಿರದ ತನಕ ವೋಲ್ಟೇಜ್ ಏರಬಹುದು. ಸಾಮಾನ್ಯ ಸ್ಪೈಕ್ ಗಾರ್ಡ್ ಇದನ್ನು ತಡೆಯುವುದಿಲ್ಲ, ಏಕೆಂದರೆ ಅದು ಕ್ಷಣಮಾತ್ರದ ಏರಿಕೆಗಾಗಿ ಮಾಡಿದ ಸಾಧನ. ಇದಕ್ಕೆ ಬೇಕಾದದ್ದು ಮೀಟರ್ ಬೋರ್ಡಿನ ಪಕ್ಕದ ಡಿಬಿ ಪೆಟ್ಟಿಗೆಯಲ್ಲಿ (ಮನೆಯೊಳಗೆ ಕರೆಂಟು ಹಂಚುವ ಪೆಟ್ಟಿಗೆ) ಕೂರಿಸುವ ಓವರ್ ವೋಲ್ಟೇಜ್ ಪ್ರೊಟೆಕ್ಟರ್. ವೋಲ್ಟೇಜ್ 270ರ ಆಸುಪಾಸು ದಾಟಿದ ಕೂಡಲೇ ಅದು ಮನೆಯ ಸಂಪರ್ಕವನ್ನು ಕಡಿದು, ಸರಿಯಾದ ಮೇಲೆ ತಾನೇ ಜೋಡಿಸುತ್ತದೆ. ಕನ್ಸೋಲ್ ಕೊಳ್ಳುವ ಮೊದಲು ಇದನ್ನು ಹಾಕಿಸಿಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಫ್ರಿಜ್ಜು, ಪಂಪು ಎಲ್ಲವೂ ಅದರಿಂದ ಉಳಿಯುತ್ತವೆ. ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಬೇಕು.

ಸಿಡಿಲಿನ ಕಾಲ ಬೇರೆ. ನಮ್ಮಲ್ಲಿ ಗುಡುಗು ಸಿಡಿಲು ಹೆಚ್ಚಾಗಿ ಬರುವುದು ಮಳೆಗಾಲದ ನಡುವೆ ಅಲ್ಲ, ಮಳೆಗಾಲಕ್ಕೆ ಮೊದಲು ಏಪ್ರಿಲ್-ಮೇ ತಿಂಗಳ ಸಂಜೆಗಳಲ್ಲಿ ಮತ್ತು ಮಳೆ ಹಿಂದೆ ಸರಿಯುವ ಅಕ್ಟೋಬರಿನಲ್ಲಿ. ಕೆಟ್ಟದ್ದೇನೆಂದರೆ ಮೇ ತಿಂಗಳಲ್ಲಿ ನಮ್ಮ ಮುರಕಲ್ಲಿನ (ಜಂಬಿಟ್ಟಿಗೆಯ) ನೆಲ ಒಣಗಿ ಹೋಗಿರುತ್ತದೆ, ಒಣ ನೆಲದಲ್ಲಿ ಅರ್ಥಿಂಗ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಹಾಗಾಗಿ ಏಪ್ರಿಲ್ ನಡುವಿನ ಬಿಸು ಹಬ್ಬ ಕಳೆದೊಡನೆ ಅರ್ಥಿಂಗ್ ಗುಂಡಿಗೆ ಎರಡು ದಿನಕ್ಕೊಮ್ಮೆ ಒಂದೊಂದು ಕೊಡಪಾನ ನೀರು ಹೊಯ್ಯುವ ಅಭ್ಯಾಸ ಮಾಡಿಕೊಳ್ಳಿ. ಕಂಪ್ಯೂಟರಿನ ಲೋಹದ ಪೆಟ್ಟಿಗೆ ಮುಟ್ಟಿದಾಗ ಬೆರಳು ಜುಮ್ಮೆನ್ನುತ್ತಿದ್ದರೆ ನಿಮ್ಮ ಅರ್ಥಿಂಗ್ ಸರಿಯಿಲ್ಲ ಎಂದೇ ತಿಳಿಯಬೇಕು. ಅರ್ಥಿಂಗ್ ಇಲ್ಲದಿದ್ದರೆ ಸ್ಪೈಕ್ ಗಾರ್ಡ್ ತನ್ನ ಕೆಲಸವನ್ನು ಅರ್ಧದಷ್ಟೂ ಮಾಡಲಾರದು, ಮೇಲಾಗಿ ಅದರೊಳಗಿನ ಬಿಡಿಭಾಗ ಪ್ರತಿಯೊಂದು ಪೆಟ್ಟಿಗೂ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಹತ್ತಿರದ ಸಿಡಿಲಿಗೆ ಪ್ಲಗ್ ಕೀಳುವುದನ್ನು ಬಿಟ್ಟರೆ ಬೇರೆ ಮದ್ದಿಲ್ಲ. ಅದನ್ನೂ ಗುಡುಗು ದೂರದಲ್ಲಿರುವಾಗಲೇ ಮಾಡಬೇಕು, ತಲೆಯ ಮೇಲೆ ಬಂದಾಗ ಅಲ್ಲ. ಪ್ಲಗ್ ಕಿತ್ತವರು ಮರೆಯುವ ಇನ್ನೆರಡು ತಂತಿಗಳಿವೆ: ಟಿವಿಯ ಡಿಶ್ ಕೇಬಲ್ ಮತ್ತು ರೂಟರಿನಿಂದ ಬರುವ ಲ್ಯಾನ್ ಕೇಬಲ್. ಫೈಬರ್ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ ನಿಜ, ಆದರೆ ಮೋಡೆಮ್ಮಿನ ಅಡಾಪ್ಟರಿಗೂ ಲ್ಯಾನ್ ಕೇಬಲ್ಲಿಗೂ ತಾಮ್ರವೇ ಆಧಾರ.

ಆಟದ ನಡುವೆ ಕರೆಂಟು ಹೋಗಿ, ಸೇವ್ ಆಗುತ್ತಿದ್ದ ಕಡತ ಕೆಟ್ಟುಹೋದ ದುಃಖ ಆಡುವವರಿಗೆ ಮಾತ್ರ ಗೊತ್ತು. ಇದಕ್ಕೆ ಬೇಕಾದದ್ದು ಯುಪಿಎಸ್, ಅಂದರೆ ಕರೆಂಟು ಹೋದ ಕೂಡಲೇ ಬ್ಯಾಟರಿಯಿಂದ ನಡೆಸುವ ಪೆಟ್ಟಿಗೆ. 600 ವಿಎ ಅಳತೆಯ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ತನಕ ಹೊರುತ್ತದೆ. ಪ್ಲೇಸ್ಟೇಷನ್ 5 ಕನ್ಸೋಲ್ ಭಾರವಾದ ಆಟದಲ್ಲಿ 200 ವ್ಯಾಟ್ ಆಸುಪಾಸು ಎಳೆಯುವುದರಿಂದ, ಟಿವಿ ಸೇರಿದರೂ ಸೇವ್ ಮಾಡಿ ಕ್ರಮವಾಗಿ ಆರಿಸುವಷ್ಟು ನಿಮಿಷಗಳು ಸಿಗುತ್ತವೆ. ಮನೆಯ ಇನ್ವರ್ಟರಿಗೇ ಜೋಡಿಸುವುದಾದರೆ ಅದು ಮನೆಯ ಲೈನಿನಂಥದೇ ನುಣುಪಾದ ಅಲೆಯ ಕರೆಂಟು ಕೊಡುವ ಸೈನ್ ವೇವ್ ಇನ್ವರ್ಟರ್ ಆಗಿರಲಿ ಮತ್ತು ತಡವಿಲ್ಲದೆ ಬ್ಯಾಟರಿಗೆ ಬದಲಾಗುವ ಯುಪಿಎಸ್ ಮೋಡ್‌ನಲ್ಲಿರಲಿ.

ಊರಿಗೆ ಹೋಗುವಾಗ ಅಥವಾ ಬಹುಕಾಲ ಬಳಸದೆ ಇಡುವಾಗ ಕಂಟ್ರೋಲರ್, ಕ್ಯಾಮೆರಾ, ಡಿಸ್ಕುಗಳನ್ನು ರಬ್ಬರ್ ಅಂಚಿನ ಮುಚ್ಚಳವಿರುವ ಡಬ್ಬಿಯಲ್ಲಿ ಇನ್ನೂರು ಗ್ರಾಂ ಸಿಲಿಕಾ ಜೆಲ್ ಜೊತೆ ಇಡಿ. ಕುಚ್ಚಲಕ್ಕಿಯಲ್ಲಿ ಹೂತಿಡುವ ಪದ್ಧತಿಯಿಂದ ಏನೂ ಪ್ರಯೋಜನವಿಲ್ಲ. ಅಕ್ಕಿಯ ಪುಡಿ ಸಂದುಗಳಿಗೆ ಹೋಗಿ ಕೂರುತ್ತದೆ, ಅಷ್ಟೇ. ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ತೇವ ಹೀರಿ ಹಸಿರಾದಾಗ ಅದನ್ನು 120 ಡಿಗ್ರಿಯ ಓವನ್ನಿನಲ್ಲಿ ಒಂದೆರಡು ಗಂಟೆ ಬಿಸಿ ಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ದೇಹಕ್ಕೆ ಒಳ್ಳೆಯದಲ್ಲ. ಅಡುಗೆಯ ಪಾತ್ರೆಗಳ ಹತ್ತಿರಕ್ಕೂ ತರಬಾರದು. ಕಂಟ್ರೋಲರಿನ ಬ್ಯಾಟರಿಯನ್ನು ಪೂರ್ತಿ ತುಂಬಿಸಿಯೂ ಇಡಬಾರದು, ಪೂರ್ತಿ ಬರಿದು ಮಾಡಿಯೂ ಇಡಬಾರದು, ಅರ್ಧದಷ್ಟಿರಲಿ.

ಸೆಕೆಂಡ್ ಹ್ಯಾಂಡ್ ಕನ್ಸೋಲ್ ಕೊಳ್ಳುವವರು ಮೊದಲು ಸ್ಕ್ರೂಗಳ ತಲೆ ನೋಡಬೇಕು. ಮಲ್ಪೆಯ ಹತ್ತಿರದ ಮನೆಯೊಂದರಲ್ಲಿ ನನಗೆ ತೋರಿಸಿದ ಕನ್ಸೋಲಿನ ಹೊರಮೈ ಹೊಳೆಯುತ್ತಿತ್ತು. ತಿರುಗಿಸಿ ಟಾರ್ಚ್ ಹಿಡಿದಾಗ ಟಿವಿಗೆ ಜೋಡಿಸುವ ಎಚ್‌ಡಿಎಂಐ ಕಿಂಡಿಯ ಅಂಚಿನಲ್ಲಿ ಸಾಸಿವೆಯಷ್ಟು ಹಸಿರು, ಕೆಳಗಿನ ನಾಲ್ಕು ಸ್ಕ್ರೂಗಳಲ್ಲಿ ಎರಡಕ್ಕೆ ತುಕ್ಕು. ಮಾರುವವರು ಪ್ರಾಮಾಣಿಕರೇ, ಅವರಿಗೆ ಅದು ಕಂಡಿರಲಿಲ್ಲ. ನಾನು ಕೊಳ್ಳಲಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಯಂತ್ರ ಕೆಟ್ಟರೆ ರಿಪೇರಿಯ ಪ್ರಶ್ನೆ ಬರುತ್ತದೆ, ಇಲ್ಲಿ ವಿಷಯ ರಾಜಕೀಯಕ್ಕೂ ಸೇರುತ್ತದೆ. ವಾರಂಟಿಯಲ್ಲಿದ್ದ ನನ್ನ ಸಾಧನವೊಂದನ್ನು ಸರ್ವಿಸ್ ಕೇಂದ್ರವೊಂದು ಒಳಗೆ ತೇವದ ಗುರುತಿದೆ ಎಂಬ ಒಂದೇ ಮಾತಿನಿಂದ ಹಿಂದಿರುಗಿಸಿತು. ನೀರು ಬಿದ್ದಿರಲಿಲ್ಲ, ಕರಾವಳಿಯ ಗಾಳಿಯಲ್ಲಿ ಮೂರು ತಿಂಗಳು ಇದ್ದದ್ದೇ ಅದರ ಅಪರಾಧ. ಈ ಊರುಗಳಲ್ಲಿ ಮಾರುವ ವಸ್ತು ಈ ಊರಿನ ಗಾಳಿಯನ್ನು ತಾಳಲೇಬೇಕು, ಬಿಡಿಭಾಗಗಳು ಹೊರಗಿನ ರಿಪೇರಿಯವರಿಗೂ ಸಿಗಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರೈಟ್ ಟು ರಿಪೇರ್ (ರಿಪೇರಿಯ ಹಕ್ಕು) ಜಾಲತಾಣವನ್ನು ತೆರೆದದ್ದು ಒಳ್ಳೆಯ ಆರಂಭ. ಆದರೆ ಕಂಪನಿಗಳು ತಾವಾಗಿ ರಿಪೇರಿಯ ಮಾಹಿತಿ ಕೊಟ್ಟರೆ ಸಾಲದು, ಕೊಡಲೇಬೇಕೆಂಬ ಕಾನೂನು ಬೇಕು. ಮತ ಕೇಳಲು ಮನೆಗೆ ಬರುವವರ ಬಳಿ ನಾವು ರಸ್ತೆ, ನೀರಿನ ಜೊತೆ ಇದನ್ನೂ ಕೇಳಬೇಕು. ಅಲ್ಲಿಯ ತನಕ ಕೈಯಲ್ಲಿರುವ ದಾರಿಗಳನ್ನು ಬಳಸಿ: ನಿರಾಕರಣೆಯನ್ನು ಲಿಖಿತವಾಗಿ ಪಡೆಯಿರಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಅದರಿಂದ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಿ. 2019ರ ಗ್ರಾಹಕ ರಕ್ಷಣಾ ಕಾಯಿದೆಯ ಪ್ರಕಾರ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ಕಂಪನಿಯ ಕಚೇರಿ ಇರುವ ಊರಿಗೆ ಅಲೆಯಬೇಕಾಗಿಲ್ಲ.

ಉಳಿದದ್ದು ಶುಚಿ ಮಾಡುವ ಕೆಲಸ. ವರ್ಷಕ್ಕೆ ಎರಡು ಸಲ ಸಾಕು. ಮೊದಲ ಸಲ ಪತ್ತನಾಜೆಗೆ ಮುಂಚೆ, ಅಂದರೆ ಮೇ ತಿಂಗಳ ಮೂರನೆಯ ವಾರದೊಳಗೆ, ಬೇಸಿಗೆಯ ಧೂಳನ್ನೂ ಅದರಲ್ಲಿ ಸೇರಿರುವ ಉಪ್ಪನ್ನೂ ಮಳೆಗೆ ಮೊದಲೇ ತೆಗೆದುಬಿಡಬೇಕು. ಪ್ಲಗ್ ಕಿತ್ತು, ಪ್ಲೇಸ್ಟೇಷನ್ 5 ಆದರೆ ಪಕ್ಕದ ಬಿಳಿ ಹಲಗೆಗಳನ್ನು ಸರಿಸಿ, ಧೂಳು ಸೇರುವ ಕಿಂಡಿಗಳಿಂದ ವ್ಯಾಕ್ಯೂಮ್ ಕ್ಲೀನರಿನಲ್ಲಿ ಮೆಲ್ಲಗೆ ಎಳೆಯಿರಿ. ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ. ಬಾಯಿಂದ ಊದಬೇಡಿ, ಉಸಿರಿನಲ್ಲಿ ತೇವವಿರುತ್ತದೆ. ಕಿಂಡಿಗಳ ಅಂಚನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಹತ್ತಿಕಡ್ಡಿಯಿಂದ ಒರೆಸಿ, ಪೂರ್ತಿ ಆರಿದ ಮೇಲೆಯೇ ಪ್ಲಗ್ ಹಾಕಿ. ಪ್ಲೇಸ್ಟೇಷನ್ 5ರ ಚಿಪ್ಪಿನ ಮೇಲೆ ಶಾಖ ಸಾಗಿಸಲು ಪೇಸ್ಟಿನ ಬದಲು ದ್ರವಲೋಹವಿರುವುದರಿಂದ, ಶಾಖ ಹೀರುವ ಲೋಹದ ಭಾಗವಾದ ಹೀಟ್‌ಸಿಂಕ್ ಬಿಚ್ಚುವ ಕೆಲಸಕ್ಕೆ ಮನೆಯಲ್ಲಿ ಕೈಹಾಕಬಾರದು. ಅದು ಬೋರ್ಡಿನ ಮೇಲೆ ಹರಿದರೆ ಯಂತ್ರ ಮುಗಿಯಿತು. ಎರಡನೆಯ ಸಲಕ್ಕೆ ಅವಸರ ಬೇಡ. ದೀಪಾವಳಿ ಕಳೆದು, ಗುಡುಗು ನಿಂತು, ಭರಣಿಯ ಉಪ್ಪು ಮತ್ತೆ ಚಮಚದಿಂದ ಉದುರುದುರಾಗಿ ಬೀಳತೊಡಗಿದ ವಾರದಲ್ಲಿ ಬಿಸಿಲಿರುವ ಒಂದು ಬೆಳಿಗ್ಗೆ ನೋಡಿ ಹಲಗೆಗಳನ್ನು ತೆಗೆಯಿರಿ, ಟಾರ್ಚ್ ಹಿಡಿದು ಸ್ಕ್ರೂಗಳನ್ನೂ ಎಚ್‌ಡಿಎಂಐ ಕಿಂಡಿಯನ್ನೂ ಒಂದೊಂದಾಗಿ ನೋಡಿ.