ವೈರ್‌ಶಾರ್ಕ್ ಫಿಲ್ಟರ್ ಹಾಕಿ ಡಿಎನ್‌ಎಸ್ ತಡವನ್ನು ಹಿಡಿಯುವುದು

ವೆಬ್‌ಸೈಟ್ ಮೂರ್ನಾಲ್ಕು ಸೆಕೆಂಡ್ ಸುಮ್ಮನಿದ್ದು ಆಮೇಲೆ ಸರಸರನೆ ತೆರೆದುಕೊಂಡರೆ ಮೊದಲ ಅನುಮಾನ ಡಿಎನ್‌ಎಸ್ ಮೇಲೆ, ಅಂದರೆ ಸೈಟಿನ ಹೆಸರು ಕೇಳಿದರೆ ಅದರ ಐಪಿ ವಿಳಾಸವನ್ನು ಉತ್ತರವಾಗಿ ಕೊಡುವ ವ್ಯವಸ್ಥೆಯ ಮೇಲೆ. ನೆಟ್‌ವರ್ಕಿನಲ್ಲಿ ಓಡಾಡುವ ಪ್ಯಾಕೆಟ್‌ಗಳನ್ನು (ಮಾಹಿತಿಯ ತುಣುಕುಗಳನ್ನು) ಹಿಡಿದು ತೋರಿಸುವ ವೈರ್‌ಶಾರ್ಕ್ ತಂತ್ರಾಂಶದಲ್ಲಿ ಇದನ್ನು ಹಿಡಿಯಬಹುದು, ಫಿಲ್ಟರನ್ನು ಸರಿಯಾದ ಜಾಗದಲ್ಲಿ ಹಾಕಿದರೆ.

ಫಿಲ್ಟರ್ ಎರಡು ಬಗೆ. ಕ್ಯಾಪ್ಚರ್ ಫಿಲ್ಟರ್ ಹಿಡಿಯುವಾಗಲೇ ಸೋಸುತ್ತದೆ. ಅದು ಬಿಟ್ಟ ಪ್ಯಾಕೆಟ್ ಆಮೇಲೆ ಬೇಕೆಂದರೂ ಸಿಗುವುದಿಲ್ಲ. ಡಿಸ್‌ಪ್ಲೇ ಫಿಲ್ಟರ್ ಬರೀ ಮರೆಮಾಡುತ್ತದೆ, ತೆಗೆದರೆ ಎಲ್ಲವೂ ಮತ್ತೆ ಕಾಣುತ್ತವೆ. ಬರೆಯುವ ರೀತಿಯೂ ಬೇರೆ. ಡಿಎನ್‌ಎಸ್ ಸಾಮಾನ್ಯವಾಗಿ ಬಳಸುವ ಪೋರ್ಟ್ (ಸೇವೆಯನ್ನು ಗುರುತಿಸುವ ಸಂಖ್ಯೆ) 53, ಹಾಗಾಗಿ ಮೊದಲನೆಯದಕ್ಕೆ ‘ಪೋರ್ಟ್ 53’, ಎರಡನೆಯದಕ್ಕೆ ‘ಯುಡಿಪಿ.ಪೋರ್ಟ್ == 53’. (ಟೈಪ್ ಮಾಡುವುದು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ.) ಫಿಲ್ಟರ್ ಬರೆಯುವ ಪಟ್ಟಿ ಹಸಿರಾದರೆ ಬರೆದದ್ದು ಸರಿ, ಕೆಂಪಾದರೆ ತಪ್ಪು. ಹಸಿರು ವ್ಯಾಕರಣಕ್ಕೆ ಮಾತ್ರ ಸಾಕ್ಷಿ, ನಿಮಗೆ ಬೇಕಾದದ್ದೇ ಸಿಗುತ್ತದೆ ಎಂದಲ್ಲ.

ಹಿಡಿಯುವಾಗ ಧಾರಾಳವಾಗಿರಿ. ‘ಹೋಸ್ಟ್ 192.168.1.10’ ಎಂದು ನಿಮ್ಮ ಕಂಪ್ಯೂಟರಿನ ವಿಳಾಸ ಕೊಟ್ಟರೆ ಸಾಕು. ‘ಡಿಎಸ್‌ಟಿ ಪೋರ್ಟ್ 53’ ಎಂದು ಬಿಗಿ ಮಾಡಿದರೆ ಪ್ರಶ್ನೆಗಳು ಮಾತ್ರ ಬರುತ್ತವೆ. ಉತ್ತರಗಳು 53ರಿಂದ ಹೊರಟು ಬರುವುದರಿಂದ ಒಂದೂ ಸಿಗದೆ, ಸರ್ವರ್ ಸತ್ತೇ ಹೋಗಿದೆ ಎನಿಸುತ್ತದೆ. ಬಹಳ ಹೊತ್ತು ಓಡಿಸುವುದಿದ್ದರೆ ಕ್ಯಾಪ್ಚರ್ ಆಪ್ಷನ್ಸ್‌ನ ಔಟ್‌ಪುಟ್ ಟ್ಯಾಬಿನಲ್ಲಿ 100 ಎಂಬಿಗೊಂದು ಹೊಸ ಫೈಲ್, ರಿಂಗ್ ಬಫರ್ 10 ಎಂದಿಡಿ. ಹತ್ತು ಫೈಲ್ ತುಂಬಿದ ಮೇಲೆ ಹಳೆಯದು ಅಳಿದು ಹೊಸದಕ್ಕೆ ಜಾಗ ಬಿಡುತ್ತದೆ. ಸುಮಾರು 1 ಜಿಬಿಗಿಂತ ಹೆಚ್ಚು ಜಾಗ ತಿನ್ನುವುದಿಲ್ಲ.

ಕಂಪ್ಯೂಟರ್ ನೆನಪಿಟ್ಟುಕೊಂಡ ಹಳೆಯ ಡಿಎನ್‌ಎಸ್ ಉತ್ತರಗಳನ್ನು ಅಳಿಸಲು, ವಿಂಡೋಸ್ ಆದರೆ ಕಮಾಂಡ್ ಪ್ರಾಂಪ್ಟಿನಲ್ಲಿ ‘ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್’ ಕೊಟ್ಟು, ಕ್ಯಾಪ್ಚರ್ ಶುರುಮಾಡಿ, ಆ ಸೈಟ್ ತೆರೆಯಿರಿ. ಕ್ಯಾಪ್ಚರ್ ನಿಲ್ಲಿಸಿ ಮೇಲಿನ ಪಟ್ಟಿಯಲ್ಲಿ ‘ಡಿಎನ್‌ಎಸ್’ ಎಂದು ಬರೆದು ಎಂಟರ್ ಒತ್ತಿ. ಒಂದು ಉತ್ತರದ ಪ್ಯಾಕೆಟ್ ಆರಿಸಿ, ಅದರ ವಿವರದಲ್ಲಿ ಡೊಮೈನ್ ನೇಮ್ ಸಿಸ್ಟಮ್ ಬಿಚ್ಚಿ. ಚೌಕ ಆವರಣದೊಳಗೆ ಟೈಮ್ ಎಂಬ ಸಾಲು ಇರುತ್ತದೆ. ಅದು ಪ್ಯಾಕೆಟ್‌ನಲ್ಲಿ ಬಂದದ್ದಲ್ಲ. ಪ್ರಶ್ನೆ-ಉತ್ತರ ಜೋಡಿಸಿ ವೈರ್‌ಶಾರ್ಕ್ ಲೆಕ್ಕ ಹಾಕಿದ್ದು. ಅದರ ಮೇಲೆ ಬಲ ಕ್ಲಿಕ್ ಮಾಡಿ ಅಪ್ಲೈ ಆ್ಯಸ್ ಕಾಲಮ್ ಕೊಟ್ಟರೆ ಎಲ್ಲ ಉತ್ತರಗಳ ಸಮಯ ಸಾಲಾಗಿ ನಿಲ್ಲುತ್ತದೆ. ಅದೇ ಮೆನುವಿನ ಅಪ್ಲೈ ಆ್ಯಸ್ ಫಿಲ್ಟರ್ ಫೀಲ್ಡಿನ ಹೆಸರನ್ನು ತಾನೇ ಬರೆದುಕೊಡುತ್ತದೆ. ಹೆಸರುಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಇದೇ ಒಳ್ಳೆಯ ದಾರಿ. ಬಂದದ್ದನ್ನು ‘ಡಿಎನ್‌ಎಸ್.ಟೈಮ್ > 0.5’ ಎಂದು ತಿದ್ದಿ. ಅರ್ಧ ಸೆಕೆಂಡಿಗಿಂತ ತಡವಾದವು ಮಾತ್ರ ಉಳಿಯುತ್ತವೆ.

ಉತ್ತರವೇ ಬಾರದ ಪ್ರಶ್ನೆಗಳು ಇದರಲ್ಲಿ ಕಾಣವು, ಅವಕ್ಕೆ ಸಮಯವೇ ಇಲ್ಲ. ಅವುಗಳಿಗೆ ‘ಡಿಎನ್‌ಎಸ್.ಫ್ಲ್ಯಾಗ್ಸ್.ರೆಸ್ಪಾನ್ಸ್ == 0 && !ಡಿಎನ್‌ಎಸ್.ರೆಸ್ಪಾನ್ಸ್_ಇನ್’.

ಒಂದು ವಿಳಾಸವನ್ನು ಹೊರಗಿಡಲು ‘!(ಐಪಿ.ಎಡಿಡಿಆರ್ == 192.168.1.1)’ ಎಂದೇ ಬರೆಯಿರಿ. ಒಂದೊಂದು ಪ್ಯಾಕೆಟ್‌ನಲ್ಲೂ ಎರಡು ವಿಳಾಸಗಳಿರುವುದರಿಂದ, ಹಳೆಯ ಆವೃತ್ತಿಗಳಲ್ಲಿ != ಹಾಕಿದರೆ ಇನ್ನೊಂದು ವಿಳಾಸ ಹೊಂದಿಕೊಂಡು ಎಲ್ಲವೂ ಕಾಣುತ್ತಿದ್ದವು.

ಸೈಟ್ ತೆರೆದರೂ ‘ಡಿಎನ್‌ಎಸ್’ ಫಿಲ್ಟರಿನಲ್ಲಿ ಅದರ ಹೆಸರು ಕಾಣದಿದ್ದರೆ ಬ್ರೌಸರಿನ ಸೆಕ್ಯೂರ್ ಡಿಎನ್‌ಎಸ್ ನೋಡಿ. ಅದು ಪ್ರಶ್ನೆಯನ್ನು ಗೂಢಲಿಪಿಯಲ್ಲಿ 443ನೇ ಪೋರ್ಟಿಗೆ ಕಳಿಸುತ್ತದೆ. ಪರೀಕ್ಷೆ ಮುಗಿಯುವವರೆಗೆ ಆಫ್ ಮಾಡಿ ಮತ್ತೆ ಹಿಡಿಯಿರಿ.