ಗಣಿಯ ಆಲಿಕೆ ಸಭೆಗೆ ಮುನ್ನ ಊರಿನ ನೀರಿನ ಲೆಕ್ಕ ಬರೆದಿಡುವ ಕ್ರಮ

ನಮ್ಮ ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ, ಹೊಸದುರ್ಗ ಕಡೆಯ ಹಳ್ಳಿಗಳಲ್ಲಿ ಅದಿರು ಗಣಿಯ ಸುದ್ದಿ ಬಂದೊಡನೆ ಗ್ರಾಮಸಭೆಯಲ್ಲಿ ‘ಬೇಡ’ ಎಂದು ನಿರ್ಣಯ ಮಾಡಿ ಕೈತೊಳೆದುಕೊಳ್ಳುವುದುಂಟು. ಅದು ಬೇಕು, ಆದರೆ ಸಾಲದು. ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ 2017ರಲ್ಲಿ ಕುಮರಾಲ್ ಎಂಬ ಊರಿನ ಜನಮತಗಣನೆಯಲ್ಲಿ ನೂರಕ್ಕೆ 97ಕ್ಕೂ ಹೆಚ್ಚು ಮತಗಳು ತೈಲ ಶೋಧದ ವಿರುದ್ಧ ಬಿದ್ದವು. ನಮ್ಮ ದೇಶದ ಸರ್ಕಾರಿ ತೈಲ ಕಂಪನಿ ಒಎನ್‌ಜಿಸಿ ವಿದೇಶ್ ಪಾಲುದಾರನಾಗಿದ್ದ, ಅಲ್ಲಿ ತೈಲ ಶೋಧಕ್ಕಿಳಿದಿದ್ದ ಮಾನಸರೋವರ್ ಕಂಪನಿ ನ್ಯಾಯಾಲಯಕ್ಕೆ ಹೋಯಿತು. ಭೂಗರ್ಭದ ಸಂಪತ್ತಿನ ಬಗ್ಗೆ ಒಂದು ಊರಿನ ಮತವೇ ಕೊನೆಯ ಮಾತಾಗದು ಎಂದು 2018ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ತೀರ್ಪಿತ್ತಿತು. ಆದ್ದರಿಂದ ನಿರ್ಣಯದ ಬೆನ್ನಿಗೆ ದಾಖಲೆಯಿರಲಿ.

ಗಣಿಗೆ ಪರಿಸರ ಅನುಮತಿ ಕೊಡುವ ಮುನ್ನ ಊರವರ ಅಹವಾಲು ಕೇಳುವ ಸಭೆಯೇ ಆಲಿಕೆ ಸಭೆ. ಅದರ ಪ್ರಕಟಣೆಗೂ ಸಭೆಗೂ ನಡುವೆ ಸಿಗುವ ಖಾತ್ರಿಯ ಅವಧಿ 30 ದಿನ ಮಾತ್ರ. ನೀರಿನ ಲೆಕ್ಕಕ್ಕೆ ಮಳೆಗಾಲದ ಮೊದಲಿನ ಹಾಗೂ ನಂತರದ ಅಳತೆಗಳೆರಡೂ ಬೇಕಾಗುವುದರಿಂದ ಈಗಲೇ ಆರಂಭಿಸಬೇಕು. ಪಂಪ್ ಇಳಿಸದ ಒಂದು ಕೊಳವೆಬಾವಿ, ಒಂದೆರಡು ತೆರೆದ ಬಾವಿಗಳನ್ನು ಆರಿಸಿ, ಸುತ್ತಲ ಪಂಪ್‌ಗಳು ರಾತ್ರಿಯಿಡೀ ನಿಂತ ಮುಂಜಾನೆ ಭಾರ ಕಟ್ಟಿದ ಹಗ್ಗ ಇಳಿಬಿಟ್ಟು, ನೆಲಮಟ್ಟದಿಂದ ಒದ್ದೆಯಾದ ಗುರುತಿನವರೆಗೆ ಅಳೆಯಿರಿ. ಕೆರೆ ಕೋಡಿ ಬಿದ್ದ ದಿನ, ಹಳ್ಳ ಬತ್ತಿದ ದಿನ, ದನಕರುಗಳಿಗೆ ನೀರು ಸಿಗುವ ಗೋಕಟ್ಟೆ ಎಲ್ಲವೂ ಒಂದೇ ಪುಸ್ತಕದಲ್ಲಿರಲಿ. ಪ್ರತಿ ಅಳತೆಗೆ ದಿನಾಂಕ ಹಾಕಿ, ಇಬ್ಬರು ಸಹಿ ಮಾಡಲಿ. ನೀರಿನ ಪರೀಕ್ಷೆಯನ್ನಂತೂ ಬಿಡಬಾರದು. ನಮ್ಮ ಜಿಲ್ಲೆಯ ಎಷ್ಟೋ ಕೊಳವೆಬಾವಿಗಳಲ್ಲಿ ಗಣಿಯಿಲ್ಲದೆಯೂ ಫ್ಲೋರೈಡ್ ಇದೆ. ಮೊದಲಿನ ಮಟ್ಟ ತಿಳಿಯದಿದ್ದರೆ ನಾಳೆ ಕೆಟ್ಟದ್ದೆಲ್ಲ ‘ಮೊದಲೇ ಹೀಗಿತ್ತು’ ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುತ್ತದೆ.

ಪ್ರಕಟಣೆ ಬಂದ ಮೇಲೆ ಜಿಲ್ಲಾಧಿಕಾರಿ ಅಥವಾ ಜಿಲ್ಲಾ ಪಂಚಾಯತಿ ಕಚೇರಿಯಲ್ಲಿ ಗಣಿಯಿಂದ ಪರಿಸರಕ್ಕಾಗುವ ಪರಿಣಾಮದ ಕರಡು ವರದಿಯನ್ನೂ ಕನ್ನಡ ಸಾರಾಂಶವನ್ನೂ ನೋಡಿ, ನಕ್ಷೆಯಲ್ಲಿ ನಿಮ್ಮ ಹಳ್ಳ, ಗೋಕಟ್ಟೆಗಳು ಇವೆಯೇ ಎಂದು ಪುಸ್ತಕದೊಡನೆ ತಾಳೆ ನೋಡಿರಿ. ಬಿಟ್ಟುಹೋದದ್ದನ್ನು ಲಿಖಿತ ಆಕ್ಷೇಪಣೆಯಾಗಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

ಸಭೆಯನ್ನು ಬಹಿಷ್ಕರಿಸುವುದು ನನ್ನ ಮಟ್ಟಿಗೆ ತಪ್ಪು ಲೆಕ್ಕ: ಪರಿಸರ ಅನುಮತಿಯ ನಿಯಮಗಳಿರುವ ಕೇಂದ್ರದ 2006ರ ಅಧಿಸೂಚನೆಯ ಪ್ರಕಾರ ಇದಕ್ಕೆ ಕೋರಂ (ಕನಿಷ್ಠ ಇಷ್ಟು ಜನ ಸೇರಬೇಕೆಂಬ ನಿಯಮ) ಇಲ್ಲ, ಬೆರಳೆಣಿಕೆಯ ಜನರಿದ್ದರೂ ಸಭೆ ನಡೆದಂತೆಯೇ. ಕೊನೆಗೆ ನಡಾವಳಿಯನ್ನು ಕನ್ನಡದಲ್ಲಿ ಓದಿ ವಿವರಿಸಬೇಕು. ಭಾಷಣ ಮುಗಿಯಿತೆಂದು ಎದ್ದು ಹೋಗದೆ, ನಿಮ್ಮ ಅಳತೆಗಳು ಅದರಲ್ಲಿ ಸೇರಿವೆಯೇ ಎಂದು ಕೇಳಿ, ಇಲ್ಲದಿದ್ದರೆ ಅಲ್ಲೇ ಸೇರಿಸುವಂತೆ ಒತ್ತಾಯಿಸಿರಿ. ಇಷ್ಟಾದರೂ ಅನುಮತಿ ಸಿಕ್ಕರೆ, ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಲು 30 ದಿನಗಳ ಕಾಲಾವಕಾಶವಿದೆ. ತಕ್ಕ ಕಾರಣ ತೋರಿಸಿದರೆ ಇನ್ನೂ 60 ದಿನಗಳವರೆಗೆ ಸಿಗಬಹುದು.